ಆಫ್ರಿಕಾದ ತೊಗರಿ, ಆಫ್ರಿಕಾದ ಪಟ್ಟು

2017ರ ಜನವರಿ. ಕಲಬುರಗಿ ಗಂಜಿನಲ್ಲಿ 16 ಚೀಲ ತೊಗರಿ ಇಳಿಸಿ ನಿಂತಿದ್ದೆ. ಅಡತಿ ಅಂಗಡಿ ಸಾಹುಕಾರರು ಬೊಗಸೆಯಲ್ಲಿ ಕಾಳು ಹಿಡಿದು ನೋಡಿದರು. ಮತ್ತೆ ಚೀಲಕ್ಕೇ ಬಿಟ್ಟರು.

"ಮಾಲು ಚೊಲೊ ಅದ ಗೌಡ್ರೆ. ಆದ್ರ ರೇಟು ಏಳಂಗಿಲ್ಲ. ಮೊಜಾಂಬಿಕ್ ಮಾಲು ಬಂದು ಗೋದಾಮಿನ್ಯಾಗ ಬಿದ್ದದ."

ಮೊಜಾಂಬಿಕ್ ಎಂಬ ಹೆಸರನ್ನು ನಾನು ಕೇಳಿದ್ದು ಅವತ್ತೇ ಮೊದಲು. 2015ರಲ್ಲಿ ತೊಗರಿಬೇಳೆ ಕಿಲೋಕ್ಕೆ 200 ರೂಪಾಯಿ ತನಕ ಹೋಗಿತ್ತು. ಅದನ್ನು ಕಂಡು ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದೆವು. ಮಳೆಯೂ ಕೈ ಹಿಡಿಯಿತು. ಕಣ ತುಂಬಿತು, ಬೆಲೆ ಬಿತ್ತು. ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲಿಗೆ 5,050 ಇತ್ತು. ಖರೀದಿಯ ಸಾಲಿನಲ್ಲಿ ನನ್ನ ಪಾಳಿ ಬರುವಷ್ಟರಲ್ಲಿ ಸಾಲಗಾರ ಬಾಗಿಲಿಗೆ ಬಂದಿದ್ದ. 4,300ಕ್ಕೆ ಕೊಟ್ಟು ಬಂದೆ. ದಂಡೋತಿಗೆ ಬರುವ ದಾರಿಯುದ್ದಕ್ಕೂ ಆ ಕಾಣದ ದೇಶಕ್ಕೆ ಬೈದದ್ದೇ ಬೈದದ್ದು.

ಈಗ ಅದೇ ಆಫ್ರಿಕಾದ ಬಗ್ಗೆ ಬರೆಯಲು ಕುಳಿತಿದ್ದೇನೆ, ಬೈಯಲಿಕ್ಕಲ್ಲ. ಅವರಿಂದ ನಾವು ಕಲಿಯಬೇಕಾದ ಒಂದು ಮಾತಿದೆ. ಅದು ಬೆಳೆ ತೆಗೆಯುವ ಮಾತಲ್ಲ, ಬೆಳೆ ಹೋದಾಗ ಕೇಳುವ ಮಾತು.

ಹೊಳೆ ಬಂದ ವರ್ಷ

ನಮ್ಮೂರು ಚಿತ್ತಾಪುರ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಗಿದೆ. ನನಗಿರುವುದು 9 ಎಕರೆ ಎರೆ ಭೂಮಿ. ಅದರಲ್ಲಿ 4 ಎಕರೆ ಹೊಳೆಯ ಕಡೆಗೆ. 2020ರ ಅಕ್ಟೋಬರ್ ಎರಡನೇ ವಾರ ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಬಂತು. ಕಾಗಿಣಾ ಉಕ್ಕಿತು, ಸೇತುವೆ ಮುಳುಗಿತು. ತೊಗರಿ ಹೂವಿಗೆ ಬಂದ ಹೊತ್ತು. ಎರೆ ಮಣ್ಣಿನಲ್ಲಿ ನೀರು ಎರಡು ಮೂರು ದಿನ ನಿಂತರೆ ತೊಗರಿಯ ಬೇರು ಉಸಿರು ಕಟ್ಟಿ ಸಾಯುತ್ತದೆ. ಹೊಳೆ ಇಳಿದ ಮೇಲೆ ಹೋಗಿ ನೋಡಿದರೆ 4 ಎಕರೆಯೂ ಕರ್ರಗೆ ನಿಂತಿತ್ತು.

ಮಳೆಯಾಶ್ರಿತ ಬೆಳೆಗೆ ಆಗಿನ ಕೇಂದ್ರದ ನಿಯಮದ ಪ್ರಕಾರ ಹೆಕ್ಟೇರಿಗೆ 6,800 ರೂಪಾಯಿ. ಬೀಜ, ಗೊಬ್ಬರ, ಎಡೆ ಹೊಡೆದ ಕೂಲಿ ಎಲ್ಲ ಕೂಡಿಸಿದರೆ ಒಂದು ಎಕರೆಯ ಖರ್ಚೇ ಅದಕ್ಕಿಂತ ಹೆಚ್ಚು. ಅದೂ ನನಗೆ ಬರಲಿಲ್ಲ. ಹಾನಿಯ ಪಟ್ಟಿಯಲ್ಲಿ ನನ್ನ ಸರ್ವೆ ನಂಬರಿನ ಒಂದು ಅಂಕಿ ತಪ್ಪಾಗಿತ್ತು. ಕಚೇರಿಗೆ ನಾಲ್ಕು ಸಲ ಅಲೆದೆ. "ಅವತ್ತೇ ಯಾಕ ಹೇಳಲಿಲ್ಲ? ಪುರಾವೆ ಏನದ?" ಎಂದರು. ನನ್ನ ಹತ್ತಿರ ಏನೂ ಇರಲಿಲ್ಲ. ಹೊಲದಲ್ಲಿ ನಿಂತ ನೀರಿಗೆ ಸಾಕ್ಷಿ ನಾನೊಬ್ಬನೇ.

ರೇಡಿಯೋದಲ್ಲಿ ಬಂದ ಸುದ್ದಿ

ಎರಡು ವರ್ಷ ಕಳೆಯಿತು. 2022ರ ನವೆಂಬರಿನಲ್ಲಿ ಈ ಸಲ ನೆಟೆ ರೋಗ. ನಿಂತ ನಿಂತಲ್ಲೇ ಗಿಡ ಒಣಗುತ್ತಿತ್ತು. ಕಲಬುರಗಿ, ಬೀದರ, ಯಾದಗಿರಿ, ವಿಜಯಪುರ ಎಲ್ಲ ಕಡೆ ಇದೇ ಗೋಳು. ಕಾಯಿ ಕಟ್ಟಿದ ಗಿಡ ಕಿತ್ತು ಬೇರು ಸೀಳಿ ನೋಡುತ್ತ ಬದುವಿನ ಮೇಲೆ ಕುಳಿತಿದ್ದೆ. ರೇಡಿಯೋದಲ್ಲಿ ಸುದ್ದಿ ಬಂತು. ಈಜಿಪ್ಟಿನ ಶರ್ಮ್ ಎಲ್ ಶೇಖ್ ಎಂಬ ಊರಲ್ಲಿ ಲೋಕದ ದೇಶಗಳೆಲ್ಲ ಸೇರಿ 'ನಷ್ಟ ಮತ್ತು ಹಾನಿ'ಗೆ ಒಂದು ನಿಧಿ ಮಾಡಲು ಒಪ್ಪಿವೆ. ಹವಾಮಾನ ಕೆಟ್ಟು ನೆರೆ, ಬರ, ಬಿರುಗಾಳಿಗೆ ಸಿಕ್ಕ ಬಡ ದೇಶಗಳಿಗೆ ಅದರಿಂದ ನೆರವು. ಆಫ್ರಿಕಾದ ದೇಶಗಳು ಪಟ್ಟು ಹಿಡಿದಿದ್ದವು ಎಂದು.

ಕಿವಿ ನೆಟ್ಟಗಾಯಿತು. ನಷ್ಟ, ಹಾನಿ, ನೆರವು. ಇವು ನಾನು ಎರಡು ವರ್ಷ ಅರ್ಜಿಯಲ್ಲಿ ಬರೆದ ಮಾತುಗಳೇ. ನಾಲ್ಕು ಎಕರೆಯ ಹಾನಿಯನ್ನು ನನಗೆ ರುಜುವಾತು ಮಾಡಲಾಗಲಿಲ್ಲ. ಇವರು ಇಡೀ ಖಂಡದ ಹಾನಿಗೆ ಲೋಕದ ಮುಂದೆ ಹೇಗೆ ಒಪ್ಪಿಗೆ ತೆಗೆದುಕೊಂಡರು?

ಚಿತ್ತಾಪುರದಲ್ಲಿ ಪಾಠ ಹೇಳುವ ನನ್ನ ತಂಗಿಯ ಮಗನಿಗೆ ಕೇಳಿದೆ. "ಒಂದು ದಿನದ ಕೆಲಸಲ್ಲ ಮಾವ, ಐವತ್ತು ವರ್ಷದ ಕಥಿ ಅದ" ಎಂದ. ಅವನು ಓದಿ ಹೇಳಿದ್ದು, ನಾನು ಬರೆದಿಟ್ಟುಕೊಂಡದ್ದು ಸೇರಿಸಿ ಮುಂದೆ ಕೊಟ್ಟಿದ್ದೇನೆ.

ಒಂದೇ ಬಾಯಲ್ಲಿ 54 ದೇಶ

1972ರಲ್ಲಿ ಸ್ಟಾಕ್‌ಹೋಮಿನಲ್ಲಿ ಪರಿಸರದ ಬಗ್ಗೆ ಮೊದಲ ದೊಡ್ಡ ಜಾಗತಿಕ ಸಭೆ. ನಮ್ಮ ಇಂದಿರಾ ಗಾಂಧಿಯವರೂ ಹೋಗಿ ಮಾತಾಡಿದ್ದರು. ಆ ಸಭೆಯ ಫಲವಾಗಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಹುಟ್ಟಿತು. ಅದರ ಕಚೇರಿ ಎಲ್ಲಿರಬೇಕು? ಅಲ್ಲಿಯ ತನಕ ವಿಶ್ವಸಂಸ್ಥೆಯ ಇಂಥ ಕೇಂದ್ರ ಕಚೇರಿಗಳೆಲ್ಲ ಶ್ರೀಮಂತ ದೇಶಗಳಲ್ಲೇ ಇದ್ದವು. ಆಫ್ರಿಕಾ ಮತ್ತು ಏಷ್ಯಾದ ದೇಶಗಳು ಒಟ್ಟಾಗಿ ನಿಂತು ಅದನ್ನು ಕೆನ್ಯಾದ ನೈರೋಬಿಗೆ ತಂದವು. ಇದು ಮೊದಲ ಗೆಲುವು.

1985ರಲ್ಲಿ ಆಫ್ರಿಕಾದ ಪರಿಸರ ಮಂತ್ರಿಗಳು ಕೈರೋದಲ್ಲಿ ಸೇರಿ ತಮ್ಮದೇ ಸಭೆ ಕಟ್ಟಿಕೊಂಡರು. 1992ರ ರಿಯೋ ಸಭೆಗೆ ಹೋಗುವಾಗ ಅವರ ಕೈಯಲ್ಲಿ ಒಂದು ಸ್ಪಷ್ಟ ಬೇಡಿಕೆ ಇತ್ತು. ಶ್ರೀಮಂತ ದೇಶಗಳಿಗೆ ಹವಾಮಾನ ಮತ್ತು ಕಾಡು ದೊಡ್ಡ ವಿಷಯ. ಆಫ್ರಿಕಾದವರು "ನಮ್ಮ ಮಣ್ಣು ಸಾಯುತ್ತಿದೆ, ಬರದ ಬಗ್ಗೆಯೂ ಒಪ್ಪಂದ ಬೇಕು" ಎಂದು ಕೂತರು. 1970ರ ದಶಕದಲ್ಲಿ ಸಹಾರಾ ಮರುಭೂಮಿಯ ಕೆಳಗಿನ ಸಾಹೆಲ್ ಸೀಮೆಯಲ್ಲಿ ದನ, ಜನ ಸತ್ತದ್ದನ್ನು ಕಂಡವರು ಅವರು. 1994ರ ಜೂನ್ 17ರಂದು ಪ್ಯಾರಿಸ್ಸಿನಲ್ಲಿ ಮರುಭೂಮೀಕರಣ ತಡೆ ಒಪ್ಪಂದಕ್ಕೆ ಅಂಗೀಕಾರ ಸಿಕ್ಕಿತು. ಅದರ ಹೆಸರಲ್ಲೇ 'ವಿಶೇಷವಾಗಿ ಆಫ್ರಿಕಾದಲ್ಲಿ' ಎಂಬ ಮಾತಿದೆ. 1996ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಭಾರತವೂ ಸೇರಿದೆ. 2019ರಲ್ಲಿ ಅದರ ಸಭೆ ದೆಹಲಿಯ ಪಕ್ಕದಲ್ಲೇ ಆಯಿತು. 2030ರೊಳಗೆ 2.6 ಕೋಟಿ ಹೆಕ್ಟೇರ್ ಹಾಳು ಭೂಮಿ ಸರಿಪಡಿಸುತ್ತೇವೆಂದು ಅಲ್ಲಿ ನಮ್ಮ ಸರ್ಕಾರ ಮಾತು ಕೊಟ್ಟಿದೆ. ಬರಪೀಡಿತ ಎನ್ನಿಸಿಕೊಂಡ ನಮ್ಮ ಸೀಮೆಯವರು ಈ ಮಾತನ್ನು ನೆನಪಿಟ್ಟಿರಬೇಕು.

1995ರಲ್ಲಿ ಬರ್ಲಿನ್ನಿನ ಮೊದಲ ಹವಾಮಾನ ಸಭೆಯ ಹೊತ್ತಿಗೆ ಆಫ್ರಿಕಾದ ಸಂಧಾನಕಾರರ ಗುಂಪು ಆಯಿತು. ಈಗ ಅದರಲ್ಲಿ 54 ದೇಶಗಳಿವೆ. ಅವರಲ್ಲಿ ಎಣ್ಣೆ ಮಾರುವವರು ಇದ್ದಾರೆ, ಕಲ್ಲಿದ್ದಲು ಸುಡುವವರು ಇದ್ದಾರೆ, ಒಂದು ಹೊತ್ತಿನ ಊಟಕ್ಕೆ ಆಕಾಶ ನೋಡುವವರೂ ಇದ್ದಾರೆ. ಒಳಗೆ ಜಗಳ ಇಲ್ಲದಿಲ್ಲ. ಆದರೆ ಒಳಗಿನ ಜಗಳ ಒಳಗೇ ಮುಗಿಸಿ ಹೊರಗೆ ಒಬ್ಬರು ಮಾತಾಡುತ್ತಾರೆ. ಲೋಕದ ಹೊಗೆಯಲ್ಲಿ ಇಡೀ ಆಫ್ರಿಕಾದ ಪಾಲು ನೂರಕ್ಕೆ 4ಕ್ಕಿಂತ ಕಡಿಮೆ. ಈ ಒಂದು ಲೆಕ್ಕವನ್ನು ಅವರು ಪ್ರತಿ ಸಭೆಯಲ್ಲೂ ಮುಂದಿಡುತ್ತಾರೆ.

ಎದ್ದು ಹೋದದ್ದು, ಹೊರಗುಳಿದದ್ದು

2009ರಲ್ಲಿ ಕೋಪನ್‌ಹೇಗನ್ ಸಭೆಗೆ ಮೊದಲು ಬಾರ್ಸಿಲೋನಾದಲ್ಲಿ ಪೂರ್ವಸಭೆ. ಶ್ರೀಮಂತ ದೇಶಗಳು ಎಷ್ಟು ಹೊಗೆ ಇಳಿಸುತ್ತೇವೆಂದು ಅಂಕಿ ಹೇಳುವ ತನಕ ಬೇರೆ ಮಾತು ಬೇಡ ಎಂದು ಆಫ್ರಿಕಾದವರು ಸಭೆ ಬಹಿಷ್ಕರಿಸಿದರು. ಕೋಪನ್‌ಹೇಗನ್ನಿನಲ್ಲೂ ಕೆಲವು ತಾಸು ಮಾತುಕತೆ ನಿಲ್ಲಿಸಿದರು.

ಆದರೆ ಕೊನೆಯ ರಾತ್ರಿ ಒಪ್ಪಂದ ಕುದುರಿದ್ದು ಬೇರೆ ಕೋಣೆಯಲ್ಲಿ. ಅಲ್ಲಿ ಅಮೆರಿಕದ ಎದುರು ಕುಳಿತವರು ಭಾರತ, ಚೀನಾ, ಬ್ರೆಜಿಲ್, ದಕ್ಷಿಣ ಆಫ್ರಿಕಾ. ಉಳಿದ ಆಫ್ರಿಕಾದ ಹೆಚ್ಚಿನ ದೇಶಗಳು ಬಾಗಿಲ ಹೊರಗೆ. ಇದನ್ನು ಹೇಳಲೇಬೇಕು, ಯಾಕೆಂದರೆ ಆ ಕೋಣೆಯಲ್ಲಿ ನಮ್ಮವರೂ ಇದ್ದರು. 2020ರೊಳಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆಂದು ಶ್ರೀಮಂತರು ಅವತ್ತು ಒಪ್ಪಿದರು. ಆ ಮಾತು ಪೂರ್ತಿಯಾದದ್ದು 2022ರಲ್ಲಿ, ಎರಡು ವರ್ಷ ತಡವಾಗಿ. ಬೆಳೆ ಸಾಲ ಎರಡು ವರ್ಷ ತಡಮಾಡಿದರೆ ನಮ್ಮನ್ನು ಏನು ಮಾಡುತ್ತಾರೆ, ಹೇಳಿ?

ಇಂಡಾಬಾ ಎಂಬ ಕಟ್ಟೆ

2011ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಸಭೆ ನಡೆದಾಗ ಅಲ್ಲಿಯವರು ತಮ್ಮ ಹಳ್ಳಿಯ ಒಂದು ಪದ್ಧತಿ ತಂದರು. ಅದಕ್ಕೆ ಇಂಡಾಬಾ ಎನ್ನುತ್ತಾರೆ. ಊರಿನ ಹಿರಿಯರು ಸುತ್ತುಗಟ್ಟಿ ಕುಳಿತು, ಎಲ್ಲರೂ ಎಲ್ಲರ ಮುಖ ನೋಡುತ್ತ ಮಾತಾಡಿ ಜಗಳ ಬಗೆಹರಿಸುವುದು. ನಮ್ಮ ಗುಡಿ ಕಟ್ಟೆಯಲ್ಲಿ ಬದುವಿನ ತಂಟೆ ಮುಗಿಸುವ ಹಾಗೆಯೇ. ಬರೆದು ತಂದ ಭಾಷಣ ಓದುವಂತಿಲ್ಲ. ನಿನ್ನಿಂದ ಬಿಡಲಾಗದ್ದು ಯಾವುದು, ಬಿಡಬಹುದಾದ್ದು ಯಾವುದು, ಅದನ್ನಷ್ಟು ಹೇಳು. 2015ರ ಪ್ಯಾರಿಸ್ ಒಪ್ಪಂದದ ಹೊತ್ತಿಗೂ ಇದೇ ಉಪಾಯ ಬಳಸಿದರು.

ಡರ್ಬನ್ನಿನಲ್ಲಿ ನಮಗೂ ಅವರಿಗೂ ಪೂರ್ತಿ ಒಮ್ಮತ ಇರಲಿಲ್ಲ. ಮುಂದೆ ಎಲ್ಲ ದೇಶಗಳಿಗೂ ಕಟ್ಟುಪಾಡು ಬೇಕೆಂದು ಬಹಳ ಬಡ ದೇಶಗಳು, ಸಣ್ಣ ದ್ವೀಪಗಳು ಯುರೋಪಿನ ಜೊತೆ ನಿಂತವು. ಆಗಿನ ನಮ್ಮ ಮಂತ್ರಿ ಜಯಂತಿ ನಟರಾಜನ್, ಹೊಗೆ ಮಾಡಿದವರಿಗೂ ಮಾಡದವರಿಗೂ ಒಂದೇ ತಕ್ಕಡಿಯೇ ಎಂದು ವಾದಿಸಿದರು. ಎರಡು ಕಡೆಯೂ ನ್ಯಾಯ ಇತ್ತು.

ಒಕ್ಕಲುತನದ ಮಾತು ಬಂದಾಗ ಮಾತ್ರ ನಾವೂ ಅವರೂ ಒಂದೇ ಕಡೆ. ಸಣ್ಣ ರೈತನ ಹೊಲವನ್ನು ಮೊದಲು ಬರ, ನೆರೆಯಿಂದ ಉಳಿಸುವ ಮಾತಾಡಿ. ಅವನ ದನ, ಅವನ ಗದ್ದೆಯ ಹೊಗೆ ಲೆಕ್ಕ ಹಾಕಿ ಭಾರ ಹೊರಿಸಬೇಡಿ ಎಂಬುದು ಭಾರತದ ವಾದ. ಆಫ್ರಿಕಾದ್ದೂ ಹೆಚ್ಚು ಕಡಿಮೆ ಅದೇ. ಜೋಳ, ಸಜ್ಜೆ, ರಾಗಿಗೆ ಮಾನ ಬರಲೆಂದು ಭಾರತ 2023ನ್ನು ಸಿರಿಧಾನ್ಯದ ವರ್ಷ ಮಾಡಿಸಿದಾಗ ನೈಜೀರಿಯಾ, ಸೆನೆಗಲ್, ಕೆನ್ಯಾ ಜೊತೆಗೆ ನಿಂತವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೆಹಲಿಯ ಜಿ-20 ಸಭೆಯಲ್ಲಿ ಆಫ್ರಿಕಾ ಒಕ್ಕೂಟಕ್ಕೆ ಕಾಯಂ ಸದಸ್ಯತ್ವ ಸಿಕ್ಕಿತು.

ಪರಿಹಾರ ಅಲ್ಲ, ನೆರವು

ನಷ್ಟಕ್ಕೆ ದುಡ್ಡು ಬೇಕೆಂದು ಮೊದಲು ಕೇಳಿದ್ದು ಆಫ್ರಿಕಾ ಅಲ್ಲ. 1991ರಲ್ಲಿ ಸಮುದ್ರ ನುಂಗುವ ಭಯದ ಸಣ್ಣ ದ್ವೀಪಗಳ ಪರವಾಗಿ ವನುವಾಟು ಕೇಳಿತ್ತು. ಮೂವತ್ತು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ಯಾರಿಸ್ಸಿನಲ್ಲಿ 'ನಷ್ಟ ಮತ್ತು ಹಾನಿ'ಗೆ ಒಂದು ಕಲಮು ಸಿಕ್ಕಿತು, ಆದರೆ ಅದನ್ನು ಹಿಡಿದು ಯಾರೂ ಪರಿಹಾರದ ಹಕ್ಕು ಸಾಧಿಸುವಂತಿಲ್ಲ ಎಂಬ ಷರತ್ತೂ ನಿರ್ಣಯದಲ್ಲಿ ಕುಳಿತಿತು. 2022ರಲ್ಲಿ ಸಭೆ ಆಫ್ರಿಕಾದ ನೆಲದಲ್ಲೇ ಆದಾಗ ದ್ವೀಪಗಳು, ಆಫ್ರಿಕಾ, ಉಳಿದ ಬಡ ದೇಶಗಳೆಲ್ಲ ಒಂದಾಗಿ, ಮೊದಲ ದಿನವೇ ಈ ವಿಷಯ ಕಾರ್ಯಸೂಚಿಗೆ ಬರುವಂತೆ ಮಾಡಿದವು. ಎರಡು ವಾರದಲ್ಲಿ ನಿಧಿಗೆ ಒಪ್ಪಿಗೆ.

ನಿಧಿ ಸಣ್ಣದು. ಬಂದ ಭರವಸೆ 70 ಕೋಟಿ ಡಾಲರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. 2025ರ ನವೆಂಬರಿನಲ್ಲಿ ಬ್ರೆಜಿಲಿನ ಬೆಲೆಮ್ ಸಭೆಯ ಹೊತ್ತಿಗೆ ಮೊದಲ ಸಲ 25 ಕೋಟಿ ಡಾಲರಿಗೆ ಅರ್ಜಿ ಕರೆದರು. ದಂಡೋತಿಯ ರೈತನ ಖಾತೆಗೆ ಅದರಿಂದ ದುಡ್ಡು ಬರುತ್ತದೆಂದು ಯಾರೂ ತಿಳಿಯಬೇಡಿ. 2024ರಲ್ಲಿ ಬಾಕು ಸಭೆಗೆ ಆಫ್ರಿಕಾ ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿತ್ತು. ಒಪ್ಪಿದ್ದು 2035ರ ಹೊತ್ತಿಗೆ 30,000 ಕೋಟಿ. ಭಾರತದ ಪ್ರತಿನಿಧಿ ಚಾಂದನಿ ರೈನಾ ಸಭೆಯಲ್ಲೇ ಎದ್ದು ವಿರೋಧಿಸಿದರು. ನೈಜೀರಿಯಾ ದನಿಗೂಡಿಸಿತು.

ನನಗೆ ಹತ್ತಿರ ಅನ್ನಿಸಿದ್ದು ಆ ಷರತ್ತಿನ ಸಂಗತಿ. ಪರಿಹಾರ ಎಂದರೆ ಹಕ್ಕು. ನೆರವು ಎಂದರೆ ದಯೆ. ಶ್ರೀಮಂತರು ಮೊದಲನೆಯದಕ್ಕೆ ಹೆದರುತ್ತಾರೆ. "ಈ ನೆರೆ ಹವಾಮಾನ ಕೆಟ್ಟದ್ದರಿಂದಲೇ ಬಂತು ಅನ್ನಲಿಕ್ಕೆ ಪುರಾವೆ ಏನು?" ಎಂದು ಕೇಳುತ್ತಾರೆ. ಕಚೇರಿಯಲ್ಲಿ ನನಗೆ ಕೇಳಿದ್ದೂ ಇದನ್ನೇ.

ಪ್ರಶ್ನೆ ಪೂರ್ತಿ ತಪ್ಪೂ ಅಲ್ಲ. 2022ರ ನೆಟೆ ರೋಗವನ್ನೇ ತೆಗೆದುಕೊಳ್ಳಿ. ಮಳೆ ಅತಿಯಾಗಿ ಮಣ್ಣು ಹಸಿಯಾಗೇ ಉಳಿದದ್ದು ನಿಜ. ಆದರೆ ಬೆಲೆಯ ಆಸೆಗೆ ಅದೇ ಹೊಲಕ್ಕೆ ಐದು ವರ್ಷ ತೊಗರಿ ಮೇಲೆ ತೊಗರಿ ಬಿತ್ತಿದವನು ನಾನು. ರೋಗದ ಬೂಜು ಮಣ್ಣಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ನಡುವೆ ಜೋಳ ಹಾಕಿದ್ದರೆ ಇಷ್ಟು ಹೋಗುತ್ತಿರಲಿಲ್ಲ. ಆಕಾಶದ ತಪ್ಪು ಎಷ್ಟು, ನನ್ನದು ಎಷ್ಟು, ಬರೆದಿಟ್ಟರೆ ಮಾತ್ರ ಬಿಡಿಸಿ ಹೇಳಬಹುದು.

ಇನ್ನೊಂದು ಮಾತು. ನಮ್ಮ ಸುತ್ತಲೇ ವಾಡಿ, ಮಳಖೇಡ, ಸೇಡಂ ಸಿಮೆಂಟ್ ಕಾರ್ಖಾನೆಗಳಿವೆ. ಶುದ್ಧ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ, ಉರುವಲಿನ ಹೊಗೆ ಬೇರೆ. ನಮ್ಮ ಮನೆಗಳೂ ಅದೇ ಸಿಮೆಂಟಿನವು, ನಮ್ಮ ಹುಡುಗರಿಗೆ ಕೆಲಸವೂ ಅಲ್ಲೇ. ನೊಂದವರೂ ನಾವೇ, ಒಂದಿಷ್ಟು ಹೊಗೆಯೂ ನಮ್ಮದೇ. ಕಲ್ಲಿದ್ದಲು ನಂಬಿದ ದಕ್ಷಿಣ ಆಫ್ರಿಕಾದ ಇಕ್ಕಟ್ಟೂ ಇದೇ.

ಎದುರಾಳಿಯೋ, ನೆಂಟನೋ

ಇನ್ನು ಮೊಜಾಂಬಿಕ್ ತೊಗರಿಗೆ ಬರೋಣ. 2016ರ ಜುಲೈಯಲ್ಲಿ ಭಾರತ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು. ಮೊದಲ ವರ್ಷ 1 ಲಕ್ಷ ಟನ್, 2020-21ರ ಹೊತ್ತಿಗೆ 2 ಲಕ್ಷ ಟನ್ ಬೇಳೆಕಾಳು ತರುವುದೆಂದು. 2021ರಲ್ಲಿ ಅದನ್ನು ಮುಂದುವರಿಸಿ, ಮಲಾವಿ ಜೊತೆಗೂ ವರ್ಷಕ್ಕೆ 50,000 ಟನ್ ತೊಗರಿಯ ಒಪ್ಪಂದ ಆಯಿತು.

ನಾನು ನಷ್ಟಕ್ಕೆ ಮಾರಿದ ವರ್ಷ ಅಲ್ಲಿ ಏನಾಯಿತು ಗೊತ್ತೇ? ಭಾರತ ಕೊಳ್ಳುತ್ತದೆಂದು ನಂಬಿ ಅಲ್ಲಿಯ ಸಣ್ಣ ರೈತರು ತೊಗರಿ ಹೆಚ್ಚಿಸಿದ್ದರು. ಅವರಿಗೆ ಅದು ಮಾರುವ ಬೆಳೆ, ತಿನ್ನುವುದು ಕಡಿಮೆ. ಇಲ್ಲಿ ಬೆಲೆ ಬಿದ್ದಾಗ 2017ರ ಆಗಸ್ಟಿನಲ್ಲಿ ನಮ್ಮ ಸರ್ಕಾರ ಆಮದಿಗೆ ಮಿತಿ ಹಾಕಿತು. ಅಲ್ಲಿ ಅವರ ಬೆಲೆ ನೆಲ ಕಚ್ಚಿತು. ನಾನು ಅವರನ್ನು ಬೈಯುತ್ತಿದ್ದೆ, ಅವರು ನಮ್ಮನ್ನು ಬೈದಿರಬೇಕು.

2019ರ ಮಾರ್ಚಿನಲ್ಲಿ ಇಡಾಯ್ ಚಂಡಮಾರುತ ಮೊಜಾಂಬಿಕಿನ ಬೈರಾ ಪಟ್ಟಣವನ್ನು ಹಾಳು ಮಾಡಿ ಮಲಾವಿ, ಜಿಂಬಾಬ್ವೆವರೆಗೂ ಹೋಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. 2023ರಲ್ಲಿ ಫ್ರೆಡ್ಡಿ ಎಂಬ ಇನ್ನೊಂದು. ನಮ್ಮ ಕಾಗಿಣಾ ಅದರ ಮುಂದೆ ಏನೂ ಅಲ್ಲ.

ತೊಗರಿ ಮೂಲದಲ್ಲಿ ನಮ್ಮ ದೇಶದ ಬೆಳೆ. ಮಲಾವಿಯಲ್ಲಿ ಅದಕ್ಕೆ ನಂದೋಲೊ, ತಾಂಜಾನಿಯಾದಲ್ಲಿ ಎಂಬಾಜಿ ಎನ್ನುತ್ತಾರೆ. ನೆಟೆ ರೋಗದ ಬೂಜು ಅಲ್ಲೂ ಅದೇ. ಹೈದರಾಬಾದಿನ ಪಕ್ಕ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ ನೆಟೆ ತಡೆಯುವ ಮಾರುತಿ ತಳಿಯನ್ನು 1986ರಲ್ಲಿ ನಮಗೆ ಕೊಟ್ಟಿತು. ಅದೇ ಸಂಸ್ಥೆಯ ಇನ್ನೊಂದು ನೆಟೆ ನಿರೋಧಕ ತಳಿ ಮಲಾವಿಯಲ್ಲಿ ಕಚಾಂಗು ಎಂಬ ಹೆಸರಲ್ಲಿ ಬೆಳೆಯುತ್ತದೆ. ಅಂದರೆ ಬೀಜದ ಕಡೆಯಿಂದ ನಾವು ನೆಂಟರು, ಗಂಜಿನಲ್ಲಿ ಎದುರಾಳಿಗಳು. ಆಮದು ಯಾವಾಗ, ಎಷ್ಟು ಎಂದು ಬಿತ್ತನೆಗೆ ಮೊದಲೇ ಹೇಳಿ ಎಂದು ನಾವು ಕೇಳಬೇಕು. ಅವರ ರೈತನಿಗೂ ಬೇಕಾದ್ದು ಅದೇ.

ನಮ್ಮ ನೋಟ್‌ಬುಕ್

ನೆಟೆ ರೋಗದ ವರ್ಷದ ನಂತರ ನಾವು 14 ಜನ ಕಟ್ಟೆಯ ಮೇಲೆ ಕುಳಿತು ಒಂದು ತೀರ್ಮಾನ ಮಾಡಿದೆವು. ಒಬ್ಬೊಬ್ಬರೇ ಕಚೇರಿಗೆ ಹೋಗುವುದು ಬೇಡ. ಒಂದು ನೋಟ್‌ಬುಕ್ ಇಡೋಣ, ಎಲ್ಲರ ಪರವಾಗಿ ಇಬ್ಬರು ಹೋಗಲಿ. ಮೊದಲು ಕೆಲವರು ನಕ್ಕರು. "ಮಳಿ ಲೆಕ್ಕ ಬರದ್ರ ಹೊಟ್ಟಿ ತುಂಬ್ತದೇನು?" ಎಂದರು.

2025ರ ಸೆಪ್ಟೆಂಬರ್ ಕೊನೆಗೆ ಭೀಮಾ, ಕಾಗಿಣಾ ಎರಡೂ ಉಕ್ಕಿದವು. ನನ್ನ 4 ಎಕರೆ ಮತ್ತೆ ಹೋಯಿತು. ಸಮೀಕ್ಷೆಯ ಪಟ್ಟಿ ಬಂದಾಗ ನಮ್ಮ 14 ಜನರಲ್ಲಿ ಮೂವರ ಸರ್ವೆ ನಂಬರ್ ಬಿಟ್ಟುಹೋಗಿತ್ತು. ಇಬ್ಬರು ನೋಟ್‌ಬುಕ್, ಫೋಟೋ ಹಿಡಿದು ಹೋದರು. ಈ ಸಲ "ಪುರಾವೆ ಏನದ?" ಎಂದು ಕೇಳಿದಾಗ ಮೇಜಿನ ಮೇಲೆ ಇಟ್ಟರು. ಮೂವರ ಹೆಸರೂ ಸೇರಿತು. ಮಳೆಯಾಶ್ರಿತ ಬೆಳೆಗೆ ಕೇಂದ್ರದ 8,500ಕ್ಕೆ ರಾಜ್ಯ ಇನ್ನೂ 8,500 ಸೇರಿಸಿ ಹೆಕ್ಟೇರಿಗೆ 17,000 ಎಂದಿತು. ಹೋದ ಬೆಳೆಗೆ ಅದು ಸಮ ಅಲ್ಲ. ಆದರೆ ನಕ್ಕವರು ಈಗ ತಮ್ಮ ಹೊಲವನ್ನೂ ಬರೆಸುತ್ತಿದ್ದಾರೆ.

ನಾವು ಬರೆಯುವುದು ಇಷ್ಟು:

• ಮಳೆ ಬಂದ ತಾರೀಖು, ಮಳೆಮಾಪಕದ ಅಳತೆ (ನಮ್ಮಲ್ಲಿ ಒಬ್ಬರ ಅಂಗಳದಲ್ಲಿ ಇಟ್ಟಿದ್ದೇವೆ).
• ಸರ್ವೆ ನಂಬರ್, ಹಿಸ್ಸಾ, ಬಿತ್ತಿದ ಬೆಳೆ, ತಳಿ, ಬಿತ್ತಿದ ದಿನ. ಪಹಣಿಯಲ್ಲಿ ಬೆಳೆ ಸರಿಯಾಗಿ ಕೂತಿದೆಯೇ ಎಂದು ಹಾನಿಗೆ ಮೊದಲೇ ನೋಡಿಕೊಳ್ಳುವುದು.
• ಹಿಂದಿನ ಮೂರು ವರ್ಷ ಅದೇ ಹೊಲದಲ್ಲಿ ಏನಿತ್ತು.
• ನೀರು ನಿಂತ ದಿನ, ಇಳಿದ ದಿನ. ತಾರೀಖು, ಜಾಗ ಕಾಣುವ ಫೋಟೋ.
• ರೋಗವಾದರೆ ಐದು ಕಡೆ ನೂರು ನೂರು ಗಿಡ ಎಣಿಸಿ ಸತ್ತವೆಷ್ಟು ಎಂದು.
• ತಪ್ಪು ನಮ್ಮದಿದ್ದರೆ ಅದನ್ನೂ.

ಹವಾಮಾನದ ಮಹಾಸಭೆ 2027ರಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಸೇರಲಿದೆ. ಆಫ್ರಿಕಾದವರು ಮತ್ತೆ ತಮ್ಮ ಲೆಕ್ಕ ಹಿಡಿದು ಕೂರುತ್ತಾರೆ. ಆ ಹೊತ್ತಿಗೆ ನಮ್ಮ ಎರಡನೇ ನೋಟ್‌ಬುಕ್ ತುಂಬಿರುತ್ತದೆ. ಹೊಳೆಯ ಕಡೆಯ ನನ್ನ 4 ಎಕರೆಗೆ ಬರುವ ವರ್ಷ ತೊಗರಿ ಇಲ್ಲ, ಜೋಳ.